ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ

ಅಕ್ಕೋರೆ, ಸಿಂಧನೂರಿನ ನಿಮ್ಮ ಶಾಲೆಯ ನಾಟಕದಲ್ಲಿ ಅಮೆರಿಕದ ಸೇಲಂನ ‘ಮಾಟಗಾತಿ’ಯರನ್ನು ಬೆಂಕಿಗೆ ಹಾಕುವ ದೃಶ್ಯ ಇಡಬಹುದೇ ಅಂತ ಕೇಳಿದ್ದೀರಿ. ಬೇಡ. 1692ರಲ್ಲಿ ಅಲ್ಲಿ 19 ಮಂದಿಯನ್ನು ನೇಣಿಗೇರಿಸಿದರು: 14 ಹೆಂಗಸರು, 5 ಗಂಡಸರು. ವಿಚಾರಣೆಗೆ ಒಪ್ಪದ ಮುದುಕ ಜೈಲ್ಸ್ ಕೋರಿಯ ಮೈಮೇಲೆ ಕಲ್ಲು ಹೇರಿ ಕೊಂದರು. ಸೇಲಂ ಆಗ ಇಂಗ್ಲಿಷರ ವಸಾಹತಿನಲ್ಲಿತ್ತು, ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಮಾಟಕ್ಕೆ ಗಲ್ಲು. ಸುಡುವುದು ಜರ್ಮನ್ ನಾಡುಗಳ, ಸ್ಕಾಟ್ಲೆಂಡಿನ ರೀತಿ. ಸ್ಕಾಟ್ಲೆಂಡಿನಲ್ಲೂ ಸಾಮಾನ್ಯವಾಗಿ ಮೊದಲು ಕತ್ತು ಬಿಗಿದು ಕೊಲ್ಲುತ್ತಿದ್ದರು.

ದೃಶ್ಯಕ್ಕೆ ನಿಜವಾದ ಸರಕು ಬೇರೆ ಇದೆ. ‘ಅವಳ ಛಾಯೆ ಬಂದು ಚಿವುಟಿತು’ ಎಂಬಂಥ, ಆರೋಪ ಹೊರಿಸಿದ ಹುಡುಗಿಯರ ಮಾತನ್ನೇ ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಂಡಿತು. ಭಾನಾಮತಿಯ ಸುದ್ದಿ ಕೇಳಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಇನ್ನೊಂದು, ತಪ್ಪೊಪ್ಪಿಕೊಂಡು ಅದಕ್ಕೇ ಅಂಟಿಕೊಂಡವರ ಜೀವ ಉಳಿಯಿತು, ಒಪ್ಪದವರು ಗಲ್ಲಿಗೆ ಹೋದರು. ಇದನ್ನು ಬಿಟ್ಟರೆ ನಾಟಕ ಸಪ್ಪೆ. ಅಕ್ಟೋಬರಿನಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಆ ನ್ಯಾಯಾಲಯವನ್ನೇ ಮುಚ್ಚಿಸಿದ.