ಬ್ರೋಚಿನೊಳಗಿನ ಕೂದಲು ಯಾರನ್ನೂ ಕಾಡುವುದಿಲ್ಲ

ಪ್ರಶ್ನೆ: ನಮ್ಮ ತಾತ ಕೋಲಾರದ ಚಿನ್ನದ ಗಣಿಯಲ್ಲಿ ಬ್ರಿಟಿಷ್ ಎಂಜಿನಿಯರೊಬ್ಬರ ಬಂಗಲೆಯ ಅಡುಗೆಯವರು. ಆ ಮನೆಯ ದೊರೆಸಾನಿ ಸ್ವದೇಶಕ್ಕೆ ಹೊರಟಾಗ ನಮ್ಮ ಅಜ್ಜಿಗೆ ಕೊಟ್ಟ ಬ್ರೋಚಿನ ಗಾಜಿನೊಳಗೆ ಮನುಷ್ಯರ ಕೂದಲಿದೆ. ಸುತ್ತ ಬಿಳಿ ಎನಾಮೆಲ್. ಹಿಂಬದಿಯಲ್ಲಿ 1868 ಎಂಬ ಇಸವಿ, ‘ಏಟ್ 3’ ಎಂಬ ಬರಹ. ಸತ್ತವರ ಕೂದಲು ಮನೆಗೆ ಆಗದು, ಅದನ್ನು ಹೊಳೆಗೆ ಬಿಟ್ಟು ಚಿನ್ನ ಕರಗಿಸಿ ಎಂದು ಜ್ಯೋತಿಷಿ ಹೇಳಿದ್ದಾರೆ. ಅತ್ತೆಯವರಿಗೂ ಹೆದರಿಕೆ. ಏನು ಮಾಡಲಿ?
– ಓದುಗರು, ರಾಬರ್ಟ್‌ಸನ್‌ಪೇಟೆ

ಉತ್ತರ: ಊರು ಬೇರೆ, ಜ್ಯೋತಿಷಿ ಬೇರೆ, ‘ಕರಗಿಸಿ’ ಎಂಬ ಮಾತು ಮಾತ್ರ ಪ್ರತಿ ಸಲವೂ ಅದೇ. ಕರಗಿಸಿದರೆ ಎಷ್ಟು ಸಿಗುತ್ತದೆಂದು ಆ ಮಹಾನುಭಾವರನ್ನೇ ಕೇಳಿ. ಬ್ರಿಟನ್ನಿನಲ್ಲಿ 1854ರ ಕಾನೂನು 15, 12, 9 ಕ್ಯಾರಟ್ಟಿನ ಚಿನ್ನಕ್ಕೂ ಅಧಿಕೃತ ಮುದ್ರೆ ಕೊಟ್ಟಿತು. 9 ಕ್ಯಾರಟ್ ಎಂದರೆ ನೂರಕ್ಕೆ 37.5 ಭಾಗ ಚಿನ್ನ. ನಿಮ್ಮೂರಿನ ಚಿನಿವಾರರು ಒರೆಗಲ್ಲಿಗೆ ಉಜ್ಜಿ ಮೂಗು ಮುರಿದರೆ ಆಶ್ಚರ್ಯವಿಲ್ಲ.

ಇನ್ನು ಹೆದರಿಕೆಯ ಮಾತು. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ಸಾಯುವವರೆಗೂ ಕರಿಬಟ್ಟೆ ಬಿಡಲಿಲ್ಲ. ಆಕೆಯನ್ನು ನೋಡಿ ದೇಶವೇ ಶೋಕದ ಒಡವೆ ಧರಿಸಿತು. ಅದರ ರೂಢಿಯ ಬಣ್ಣ ಕಪ್ಪು. ಮಕ್ಕಳು, ಮದುವೆಯಾಗದವರು ತೀರಿಕೊಂಡಾಗ ಹೆಚ್ಚಾಗಿ ಬಿಳಿ. ‘ಏಟ್’ ಎಂಬುದು ವಯಸ್ಸನ್ನು ಸೂಚಿಸುವ ಲ್ಯಾಟಿನ್ ಪದದ ಮೊಟಕು ರೂಪ. ಅಂದರೆ ನಿಮ್ಮ ಅತ್ತೆಯವರು ಹೆದರುತ್ತಿರುವುದು ಮೂರು ವರ್ಷದ ಕೂಸಿಗೆ.

ನೀವು ಕಳುಹಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಜೇನುಬಣ್ಣದ ನವಿರು ಕೂದಲನ್ನು ಗರಿಯಂತೆ ಬಾಗಿಸಿ, ಬುಡಕ್ಕೆ ಚಿನ್ನದ ಎಳೆ ಸುತ್ತಿ, ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಎರಡು ಮುತ್ತು ಕೂರಿಸಿದ್ದಾರೆ. ಮುತ್ತು ಕಣ್ಣೀರಿನ ಗುರುತು. ಕೂದಲನ್ನು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ, ಜಿಡ್ಡು ತೆಗೆದು, ಎಳೆ ಎಳೆಯಾಗಿ ಅಂಟಿಸುವ ಕೆಲಸವಿದು. ಅಂಗಡಿಯವರು ಯಾರದೋ ಕೂದಲು ಸೇರಿಸಿಬಿಟ್ಟಾರು ಎಂಬ ಅನುಮಾನದಿಂದ ಎಷ್ಟೋ ಹೆಂಗಸರು ಮನೆಯಲ್ಲೇ ಇದನ್ನು ಕಲಿತರು.

ಕತ್ತರಿಸಿದ ಕೂದಲು ನಮ್ಮಲ್ಲಿ ಮೈಲಿಗೆ, ನಿಜ. ಅವರಲ್ಲಿ ಬದುಕಿದ್ದವರೇ ಪ್ರೀತಿಗೆ, ಸ್ನೇಹಕ್ಕೆ ಕೂದಲು ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಕೂದಲಿರುವ ಒಡವೆಯೆಲ್ಲ ಸತ್ತವರದ್ದಲ್ಲ. ಇಸವಿ, ವಯಸ್ಸು, ಬಿಳಿ ಬಣ್ಣ ಮೂರೂ ಕೂಡಿರುವುದರಿಂದ ನಿಮ್ಮದು ಶೋಕದ್ದೇ. ಇಂಥದ್ದನ್ನು ದೊರೆಸಾನಿ ಅಡುಗೆಯವರ ಹೆಂಡತಿಗೆ ಏಕೆ ಕೊಟ್ಟರು? ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಜ್ಯೋತಿಷಿಗೆ ಕೊಟ್ಟ ದಕ್ಷಿಣೆಯ ದುಡ್ಡಿನಲ್ಲಿ ಒಂದು ನೋಟ್‌ಬುಕ್ ಬರುತ್ತಿತ್ತು.

ದಯವಿಟ್ಟು ತೊಳೆಯಬೇಡಿ. ಕಸುಬಿನ ಮೊದಲ ವರ್ಷಗಳಲ್ಲಿ ಇಂಥದ್ದೇ ಒಂದನ್ನು ನಾನು ಉಳಿದ ಒಡವೆಗಳ ಜೊತೆ ಅಂಟುವಾಳದ ನೀರಿಗೆ ಅದ್ದಿದೆ. ಗಾಜಿನ ಅಂಚಿನಲ್ಲಿ ನೀರು ನುಗ್ಗಿ, ಬೆಳಗಾಗುವಷ್ಟರಲ್ಲಿ ಗರಿ ಬಿಚ್ಚಿಕೊಂಡು ಬಚ್ಚಲ ಬಾಯಿಗೆ ಸಿಕ್ಕ ಕೂದಲಿನಂತಾಗಿತ್ತು. ತಂದಿದ್ದ ಹೆಂಗಸು ಒಂದು ಮಾತೂ ಆಡದೆ ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದರು. ಅಂದಿನಿಂದ ಗಾಜು ಕೂರಿಸಿದ ಯಾವ ಹಳೆಯ ಒಡವೆಗೂ ನೀರು ಸೋಕಿಸಿಲ್ಲ. ಅತಿಯಾಯಿತು ಎನ್ನುವವರಿದ್ದಾರೆ, ಅನ್ನಲಿ. ಕಿತ್ತ ಎನಾಮೆಲ್ಲನ್ನು ಮತ್ತೆ ಹಾಕಿಸುವುದೂ ಬೇಡ. ಅದಕ್ಕೆ ಕುಲುಮೆಯ ಕಾವು ಬೇಕು, ಆ ಕಾವಿಗೆ ಕೂದಲು ಉಳಿಯುವುದಿಲ್ಲ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿ ಬಿಸಿಲು ಬೀಳದ ಕಡೆ ಇಡಿ.

ಪ್ರಶ್ನೆ: ಮಗಳು ಇಂಗ್ಲೆಂಡಿನ ವಿಟ್ಬಿ ಊರಿನಿಂದ ಜೆಟ್ ಎಂಬ ಕಪ್ಪು ಮಣಿಗಳ ಸರ ತಂದಿದ್ದಾಳೆ. ಅಸಲಿಯೇ ಎಂದು ನೋಡಲು ಕಾದ ಸೂಜಿ ಚುಚ್ಚಬಹುದೇ?

ಉತ್ತರ: ಚುಚ್ಚಿದರೆ ಅಸಲಿಗೇ ತೂತು ಬೀಳುತ್ತದೆ. ಕೆನ್ನೆಗೆ ತಾಗಿಸಿ ನೋಡಿ. ಗಾಜಾದರೆ ತಣ್ಣಗಿರುತ್ತದೆ, ಭಾರವೂ ಹೆಚ್ಚು. ಜೆಟ್ ಎಂದರೆ ನೆಲದಡಿ ಕಲ್ಲಿದ್ದಲಿನಂತಾದ ಮರ, ಹಗುರ. ಕಪ್ಪು ಹೋಗಿ ಕಂದು ತಿರುಗಿದ್ದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರ್ ಇರಬೇಕು.

ಪ್ರಶ್ನೆ: ಅಜ್ಜಿಯ ಸರದಲ್ಲಿ ವಿಕ್ಟೋರಿಯಾ ತಲೆಯ ಸವರನ್ನುಗಳಿವೆ. ಹಳೆಯ ನಾಣ್ಯವೆಂದು ಚಿನ್ನದ ಹತ್ತು ಪಟ್ಟು ಬೆಲೆ ಸಿಗುವುದೇ?

ಉತ್ತರ: ಇಲ್ಲ. ಕೊಂಡಿ ಬೆಸೆದ ದಿನವೇ ನಾಣ್ಯ ಸಂಗ್ರಾಹಕರು ಕೈಬಿಟ್ಟರು. ಅಸಲಿ ಸವರನ್ನಾದರೆ 22 ಕ್ಯಾರಟ್, ಹತ್ತಿರ ಹತ್ತಿರ 8 ಗ್ರಾಂ. ಲೆಕ್ಕ ನೀವೇ ಹಾಕಿ.

ಪ್ರಶ್ನೆ: ತೀರಿಕೊಂಡ ನನ್ನ ಹೆಂಡತಿಯ ಮೂಗುತಿಯನ್ನು ಮಗಳು ಹಾಕಿಕೊಂಡರೆ ದೋಷವೇ?

ಉತ್ತರ: ಹಾಕಿಕೊಳ್ಳಲಿ. ತಿರುಪು ಸವೆದಿದ್ದರೆ ಮೊದಲು ಅದನ್ನು ಬದಲಾಯಿಸಿ ಕೊಡಿ.