ಒಂಬತ್ತು ಸೋಲು, ಎಲ್ಲವೂ ಒಂಬತ್ತು ಅಂಕದ ಒಳಗೆ

ನಿಮ್ಮ ತಮ್ಮ ಎಂಎಸ್ ಮಾಡಲು ನೆಬ್ರಾಸ್ಕಾದ ಲಿಂಕನ್‌ಗೆ ಹೋಗಿದ್ದಾನೆ. ಅಲ್ಲಿ ಯಾರನ್ನು ಮಾತಾಡಿಸಿದರೂ ಯೂನಿವರ್ಸಿಟಿಯ ಫುಟ್‌ಬಾಲ್ ತಂಡ ವರ್ಷಗಟ್ಟಲೆ ಸೋತಿದ್ದನ್ನು, ಕೋಚ್‌ಗೆ ಕೋಟಿಗಟ್ಟಲೆ ಕೊಟ್ಟು ಮನೆಗೆ ಕಳಿಸಿದ್ದನ್ನು ಹೇಳುತ್ತಾರಂತೆ. ಒಂದು ಕಾಲೇಜ್ ತಂಡಕ್ಕೆ ಇಷ್ಟೆಲ್ಲ ಯಾಕೆ, ಕೋಚ್ ಬದಲಾದರೆ ತಂಡ ಗೆಲ್ಲುತ್ತಾ ಅಂತ ಕೇಳಿದ್ದೀರಿ.

ನಾನೂ 2015ರ ಆಗಸ್ಟ್‌ನಲ್ಲಿ ಅದೇ ಊರಿಗೆ ಓದಲು ಬಂದವನು. ಈಗ ಒಮಾಹಾದಲ್ಲಿ ಕೆಲಸ, ಲಿಂಕನ್‌ನಿಂದ ಕಾರಲ್ಲಿ ಒಂದು ಗಂಟೆ. ಈ ತಂಡ ಸೋಲುವುದನ್ನು ತುಂಬ ಹತ್ತಿರದಿಂದ ನೋಡಿದ್ದೇನೆ. ನನ್ನ ಉತ್ತರ ಇಷ್ಟು: ಬರೀ ಕೋಚ್ ಬದಲಾಯಿಸಿದರೆ ಗೆಲ್ಲುವುದಿಲ್ಲ. ನೆಬ್ರಾಸ್ಕಾ ತಂಡ ಈ ಸ್ಥಿತಿಗೆ ಬಂದಿದ್ದೇ ಗೆಲ್ಲುತ್ತಿದ್ದ ಕೋಚ್‌ಗಳನ್ನು ತೆಗೆದುಹಾಕಿದ್ದರಿಂದ.

ಮೊದಲು ಆ ಊರಿನ ಬಗ್ಗೆ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ವಿಸ್ತೀರ್ಣದಲ್ಲಿ ನೆಬ್ರಾಸ್ಕಾ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಜನ ಮಾತ್ರ ಸುಮಾರು 20 ಲಕ್ಷ. ಮೆಕ್ಕೆಜೋಳದ ಹೊಲ, ದನಗಳ ಫಾರಂ, ಚಿಕ್ಕ ಚಿಕ್ಕ ಊರು. ವೃತ್ತಿಪರ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಅಥವಾ ಬೇಸ್‌ಬಾಲ್ ಲೀಗ್‌ಗಳ ದೊಡ್ಡ ತಂಡ ಒಂದೂ ಇಲ್ಲಿಲ್ಲ. ಇಡೀ ರಾಜ್ಯಕ್ಕೆ ಇರುವ ದೊಡ್ಡ ಫುಟ್‌ಬಾಲ್ ತಂಡ ಈ ಯೂನಿವರ್ಸಿಟಿಯದು ಒಂದೇ, ಹೆಸರು ಹಸ್ಕರ್ಸ್. 1923ರಲ್ಲಿ ಕಟ್ಟಿದ ಮೆಮೋರಿಯಲ್ ಸ್ಟೇಡಿಯಂನಲ್ಲಿ 80 ಸಾವಿರಕ್ಕೂ ಜಾಸ್ತಿ ಜನ ಕೂರುತ್ತಾರೆ. ಶನಿವಾರ ಆಟ ಇದ್ದರೆ ಒಮಾಹಾ, ಲಿಂಕನ್ ಬಿಟ್ಟರೆ ರಾಜ್ಯದ ಮೂರನೇ ದೊಡ್ಡ ಊರು ಆ ಸ್ಟೇಡಿಯಂ. 1962ರ ನವೆಂಬರ್‌ನಿಂದ ಇಲ್ಲಿಯ ಎಲ್ಲ ಆಟಗಳ ಟಿಕೆಟ್ ಖಾಲಿ. ಕೋವಿಡ್ ಇದ್ದ 2020ರಲ್ಲಿ ಜನರನ್ನು ಒಳಗೆ ಬಿಡಲಿಲ್ಲ, ಅದೊಂದು ಬೇರೆ. 2021ರಲ್ಲಿ ಕೆಲವು ಟಿಕೆಟ್ ಉಳಿದಾಗ ದಾನಿಗಳು ಕೊಂಡು ಬಡ ಮಕ್ಕಳಿಗೆ ಕೊಟ್ಟರು, ಆ ದಾಖಲೆ ಮುರಿಯಬಾರದು ಅಂತ.

ಇನ್ನೊಂದು ಮಾತು. ಇದು ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಆಮೇಲೆ ಒಂದು ಒದೆತಕ್ಕೆ ಇನ್ನೊಂದು ಅಂಕ. ಒಂದು ಸೀಸನ್‌ಗೆ 12 ಆಟ. ಆರು ಗೆದ್ದರೆ ಕೊನೆಗೆ 'ಬೌಲ್' ಅನ್ನುವ ಇನ್ನೊಂದು ಆಟ ಆಡಲು ಅರ್ಹತೆ ಸಿಗುತ್ತದೆ. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

1962ರಲ್ಲಿ ಬಾಬ್ ಡೆವೇನಿ ಕೋಚ್ ಆಗಿ ಬಂದರು. 1973ರಲ್ಲಿ ಅವರ ಸಹಾಯಕ ಟಾಮ್ ಆಸ್ಬರ್ನ್‌ಗೆ ಜವಾಬ್ದಾರಿ ಬಂತು. ಆಸ್ಬರ್ನ್ 25 ವರ್ಷ ಇದ್ದರು. 255 ಗೆಲುವು, 49 ಸೋಲು, 3 ಸಮ. ಇಬ್ಬರ ಕಾಲದಲ್ಲಿ ಐದು ರಾಷ್ಟ್ರೀಯ ಪ್ರಶಸ್ತಿ: 1970, 1971, 1994, 1995, 1997. ಆಸ್ಬರ್ನ್ ಬಿಟ್ಟ ಮೇಲೆ ಅವರ ಸಹಾಯಕ ಫ್ರಾಂಕ್ ಸೋಲಿಚ್ ಬಂದರು. ಅಂದರೆ 42 ವರ್ಷಕ್ಕೆ ಮೂರೇ ಕೋಚ್, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಅಷ್ಟೂ ವರ್ಷದಲ್ಲಿ ಗೆಲುವಿಗಿಂತ ಸೋಲು ಜಾಸ್ತಿಯಾದ ಸೀಸನ್ ಒಂದೂ ಇಲ್ಲ. ಹಳ್ಳಿ ಹುಡುಗರು ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಖರ್ಚಲ್ಲಿ ಬಂದು ತಂಡ ಸೇರುತ್ತಿದ್ದರು. ಅವರಿಗೆ ವಾಕ್-ಆನ್ ಅನ್ನುತ್ತಾರೆ. ನಾಲ್ಕು ವರ್ಷ ವ್ಯಾಯಾಮ ಮಾಡಿಸಿ, ಒಂದೇ ರೀತಿಯ ಆಟ ಕಲಿಸಿ, ಕೊನೆಯ ವರ್ಷ ಮೈದಾನಕ್ಕೆ ಇಳಿಸುತ್ತಿದ್ದರು. ಈ ರಾಜ್ಯದ ಶಕ್ತಿ ಅದೇ ಆಗಿತ್ತು. ಟೆಕ್ಸಾಸ್, ಫ್ಲೋರಿಡಾಗಳ ಹಾಗೆ ಪ್ರತಿ ಬೀದಿಯಲ್ಲೂ ಪ್ರತಿಭೆ ಇರುವ ಜಾಗ ಇದಲ್ಲ. ಇಲ್ಲಿ ತಾಳ್ಮೆಯಿಂದ ಬೆಳೆಸಬೇಕಿತ್ತು, ಬೆಳೆಸಿದರು.

2003ರಲ್ಲಿ ಸೋಲಿಚ್ ಅವರ ತಂಡ 12ರಲ್ಲಿ 9 ಗೆದ್ದಿತ್ತು. ಆದರೂ ತೆಗೆದರು. ಓಕ್ಲಹೋಮಾ, ಟೆಕ್ಸಾಸ್ ಮುಂದೆ ಹೋಗಿವೆ, ನಾವು ಹಿಂದೆ ಬಿದ್ದಿದ್ದೇವೆ ಅನ್ನುವುದು ಆಗಿನ ಕ್ರೀಡಾ ಮುಖ್ಯಸ್ಥರ ವಾದ. ಹೊಸ ಕೋಚ್ ಬಿಲ್ ಕ್ಯಾಲಹನ್ ಬಂದಿದ್ದು ವೃತ್ತಿಪರ ಲೀಗ್‌ನಿಂದ. ಚೆಂಡು ಹಿಡಿದು ಓಡುವ ಆಟಕ್ಕಾಗಿ ಬೆಳೆದಿದ್ದ ಹುಡುಗರಿಗೆ ಎಸೆದು ಹಿಡಿಯುವ ಆಟ ಆಡಿ ಅಂದರು. 2004ರಲ್ಲಿ 5 ಗೆಲುವು, 6 ಸೋಲು. 1961ರ ನಂತರ ಮೊದಲ ಸೋಲಿನ ಸೀಸನ್. 2007ರಲ್ಲಿ ಅವರೂ ಹೋದರು. ಆಮೇಲೆ ಬೋ ಪೆಲೀನಿ. ಏಳು ವರ್ಷ, ಪ್ರತಿ ವರ್ಷವೂ 9 ಅಥವಾ 10 ಗೆಲುವು. ಅದೂ ಸಾಲದು ಅಂತ 2014ರಲ್ಲಿ ಅವರನ್ನೂ ಕಳಿಸಿದರು. ಪೆಲೀನಿಯ ಬಾಯಿ ಜೋರಿತ್ತು, ದೊಡ್ಡ ಆಟಗಳಲ್ಲಿ ಕೆಟ್ಟದಾಗಿ ಸೋಲುತ್ತಿದ್ದರು, ಅದೆಲ್ಲ ನಿಜ. ಆದರೆ ಅವರು ಹೋದ ಮೇಲಿನ ಹತ್ತು ಸೀಸನ್‌ಗಳಲ್ಲಿ ಒಂಬತ್ತು ಗೆಲುವು ಬಂದಿದ್ದು ಒಂದೇ ಸಲ, 2016ರಲ್ಲಿ.

ನಾನು ಬಂದಿದ್ದು ಪೆಲೀನಿ ಹೋದ ಮುಂದಿನ ವರ್ಷ. ನೋಡಿದ ಮೊದಲ ಆಟವೇ ಹೊಸ ಕೋಚ್ ಮೈಕ್ ರೈಲಿಯ ಮೊದಲ ಆಟ. ಸೆಪ್ಟೆಂಬರ್ 5, 2015. ಎದುರು ಯೂಟಾದ ಬ್ರಿಗಮ್ ಯಂಗ್ ಯೂನಿವರ್ಸಿಟಿ. ಗಡಿಯಾರ ಸೊನ್ನೆಗೆ ಬರುವಾಗ ಅವರ ಹುಡುಗ 42 ಗಜ ದೂರದಿಂದ ಚೆಂಡನ್ನು ಸುಮ್ನೆ ಮೇಲಕ್ಕೆ ಎಸೆದ. ಗೆರೆಯ ಹತ್ತಿರ ಇನ್ನೊಬ್ಬ ಹಿಡಿದುಬಿಟ್ಟ. 33-28, ಸೋತೆವು. ನನಗೆ ಆಗ ನಿಯಮವೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಸುತ್ತಲಿದ್ದ ಅಷ್ಟು ಸಾವಿರ ಜನ ಒಮ್ಮೆಗೇ ಮೌನವಾಗಿದ್ದು ಇವತ್ತಿಗೂ ಕಿವಿಯಲ್ಲಿದೆ.

ರೈಲಿ ಮೂರು ವರ್ಷ ಇದ್ದರು, 19 ಗೆಲುವು, 19 ಸೋಲು. 2017ರ ಡಿಸೆಂಬರ್‌ನಲ್ಲಿ ಸ್ಕಾಟ್ ಫ್ರಾಸ್ಟ್ ಬರುತ್ತಾರೆ ಅಂದಾಗ ಊರಲ್ಲಿ ಹಬ್ಬ. ಫ್ರಾಸ್ಟ್ ಇದೇ ರಾಜ್ಯದ ವುಡ್ ರಿವರ್ ಅನ್ನುವ ಚಿಕ್ಕ ಊರಿನವರು. 1997ರಲ್ಲಿ ಪ್ರಶಸ್ತಿ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಕೋಚ್ ಆಗಿ 2017ರಲ್ಲಿ ಸೆಂಟ್ರಲ್ ಫ್ಲೋರಿಡಾ ತಂಡವನ್ನು ಒಂದೂ ಸೋಲಿಲ್ಲದೆ ಗೆಲ್ಲಿಸಿದ್ದರು. ಮನೆ ಮಗ ವಾಪಸ್ ಬಂದ ಅಂತ ಎಲ್ಲರೂ ನಂಬಿದರು, ನಾನೂ ನಂಬಿದೆ. ಮೊದಲ ಸೀಸನ್‌ನಲ್ಲಿ ಮೊದಲ ಆರೂ ಆಟ ಸೋತರು. ಮುಗಿಯುವಾಗ 4 ಗೆಲುವು, 8 ಸೋಲು. ಮುಂದೆ 5-7, ಕೋವಿಡ್ ವರ್ಷ 3-5.

ನಿಮ್ಮ ತಮ್ಮನಿಗೆ ಎಲ್ಲರೂ ಹೇಳುವುದು ಬಹುಶಃ ಅದರ ಮುಂದಿನ ವರ್ಷದ ಕಥೆ, 2021. 3 ಗೆಲುವು, 9 ಸೋಲು. ಆದರೆ ಆ ಒಂಬತ್ತೂ ಸೋಲು ಒಂಬತ್ತು ಅಂಕ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ. ಒಂಬತ್ತೂ ಸೋಲಿನ ಅಂತರ ಕೂಡಿಸಿದರೆ 56 ಅಂಕ. ಗೆದ್ದ ಮೂರು ಆಟದ ಅಂತರ 119. ಅಂದರೆ ಇಡೀ ಸೀಸನ್‌ನಲ್ಲಿ ಎದುರಾಳಿಗಳಿಗಿಂತ 63 ಅಂಕ ಜಾಸ್ತಿ ಗಳಿಸಿದ ತಂಡ 12ರಲ್ಲಿ 9 ಆಟ ಸೋತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವಲ್ಲ, ಅದು ಒಂಬತ್ತು ಸಲ.

ಹೇಗೆ ಸೋತರು ಅಂತ ನೋಡಿದರೆ ರೋಗ ಎಲ್ಲಿದೆ ಅಂತ ಕಾಣುತ್ತದೆ. ಓಕ್ಲಹೋಮಾ ವಿರುದ್ಧ, ಟಚ್‌ಡೌನ್ ಆದ ಮೇಲಿನ ಒಂದು ಅಂಕದ ಒದೆತವನ್ನು ಎದುರಾಳಿ ತಡೆದ. ತಡೆದ ಚೆಂಡನ್ನು ಎತ್ತಿಕೊಂಡು ಇನ್ನೊಂದು ತುದಿಗೆ ಓಡಿ ಅವರೇ ಎರಡು ಅಂಕ ಮಾಡಿದರು. ಆಟ 23-16ಕ್ಕೆ ಹೋಯಿತು. ಮುಂದಿನ ವಾರ ಮಿಚಿಗನ್ ಸ್ಟೇಟ್. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ದ್ವಿತೀಯಾರ್ಧದಲ್ಲಿ ಅವರನ್ನು ಅಲುಗಾಡಲು ಬಿಟ್ಟಿರಲಿಲ್ಲ. 20-13 ಮುನ್ನಡೆ, ನಾಲ್ಕು ನಿಮಿಷ ಬಾಕಿ. ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವ ಪಂಟ್ ಒಂದು ಬಾಕಿ ಇತ್ತು. ನಮ್ಮವರೆಲ್ಲ ಬಲಕ್ಕೆ ಓಡಿದರು, ಚೆಂಡು ಎಡಕ್ಕೆ ಹೋಯಿತು. ಅಲ್ಲಿ ಯಾರೂ ಇಲ್ಲ. ಎದುರಾಳಿ ಹುಡುಗ 62 ಗಜ ಓಡಿ ಟಚ್‌ಡೌನ್ ಮಾಡಿದ. ಹೆಚ್ಚುವರಿ ಸಮಯದಲ್ಲಿ 23-20, ಸೋಲು. ಮಿಚಿಗನ್ ವಿರುದ್ಧ ಕೊನೆಯ ನಿಮಿಷಗಳಲ್ಲಿ 29-29 ಸಮ, ನಮ್ಮ ಕ್ವಾರ್ಟರ್‌ಬ್ಯಾಕ್ ಕೈಯಿಂದ ಚೆಂಡು ಕಿತ್ತುಕೊಂಡರು, 32-29. ಅಯೋವಾ ವಿರುದ್ಧ 21-6 ಮುನ್ನಡೆ ಇತ್ತು. ಒಂದು ಪಂಟ್ ತಡೆದು ಅದರಲ್ಲೇ ಟಚ್‌ಡೌನ್ ಮಾಡಿದರು, 28-21.

ಗಮನಿಸಿ, ಓಕ್ಲಹೋಮಾ, ಮಿಚಿಗನ್ ಸ್ಟೇಟ್, ಅಯೋವಾ ಮೂರರಲ್ಲೂ ಆಟ ತಿರುಗಿದ್ದು ಒದೆಯುವ ಹೊತ್ತಿನಲ್ಲಿ. ಅದಕ್ಕೆ ಸ್ಪೆಷಲ್ ಟೀಮ್ಸ್ ಅನ್ನುತ್ತಾರೆ. ಅಲ್ಲಿ ಬೇಕಾಗಿರುವುದು ಶಿಸ್ತು, ಸಾವಿರ ಸಲ ಮಾಡಿದ ಅಭ್ಯಾಸ. ನಮ್ಮ ಹುಡುಗರಿಗೆ ಬಲ ಇತ್ತು, ಆ ಅಭ್ಯಾಸ ಇರಲಿಲ್ಲ. ಇದು ಕೋಚ್ ಕಲಿಸಬೇಕಾದ ಕೆಲಸ, ಹಾಗಾಗಿ ಫ್ರಾಸ್ಟ್ ತಪ್ಪಿಲ್ಲ ಅಂತ ನಾನು ಹೇಳುವುದಿಲ್ಲ. ಒಂದೇ ಸ್ಕೋರ್ ಅಂತರದ, ಅಂದರೆ 8 ಅಂಕದೊಳಗಿನ ಆಟಗಳಲ್ಲಿ ಅವರ ಲೆಕ್ಕ 5 ಗೆಲುವು, 22 ಸೋಲು. ಇದನ್ನು ದುರದೃಷ್ಟ ಅಂತ ತಳ್ಳಿಹಾಕಲು ಆಗುವುದಿಲ್ಲ, ಅಲ್ವಾ?

ಆ ನವೆಂಬರ್‌ನಲ್ಲಿ, ಇನ್ನೂ ಎರಡು ಆಟ ಬಾಕಿ ಇರುವಾಗಲೇ, ಫ್ರಾಸ್ಟ್ ತಮ್ಮ ನಾಲ್ವರು ಸಹಾಯಕ ಕೋಚ್‌ಗಳನ್ನು ತೆಗೆದರು. ತಮ್ಮ ಸಂಬಳವನ್ನೂ 50 ಲಕ್ಷ ಡಾಲರ್‌ನಿಂದ 40 ಲಕ್ಷಕ್ಕೆ ಇಳಿಸಿಕೊಂಡರು. ಹೊಸ ಸಹಾಯಕರು ಬಂದರು, ಹೊಸ ಕ್ವಾರ್ಟರ್‌ಬ್ಯಾಕ್ ಬಂದ. 2022ರ ಮೊದಲ ಆಟ ಐರ್ಲೆಂಡ್‌ನ ಡಬ್ಲಿನ್‌ನಲ್ಲಿ. ನಾರ್ತ್‌ವೆಸ್ಟರ್ನ್ ವಿರುದ್ಧ 28-17 ಮುಂದಿದ್ದಾಗ ಅಗತ್ಯವೇ ಇಲ್ಲದ ಆನ್‌ಸೈಡ್ ಒದೆತ ಒದೆಸಿದರು, ಅಂದರೆ ಚೆಂಡನ್ನು ಹತ್ತಿರಕ್ಕೇ ಒದ್ದು ಮತ್ತೆ ತಾವೇ ಹಿಡಿಯುವ ಪ್ರಯತ್ನ. ಚೆಂಡು ಎದುರಾಳಿಗೆ ಸಿಕ್ಕಿತು. 31-28, ಮತ್ತೆ ಸೋಲು. ಎರಡು ವಾರದ ನಂತರ ಲಿಂಕನ್‌ನಲ್ಲೇ ಜಾರ್ಜಿಯಾ ಸದರ್ನ್ 45-42ಕ್ಕೆ ಸೋಲಿಸಿತು. ಅದಕ್ಕೂ ಮುಂಚೆ ಮನೆ ಅಂಗಳದಲ್ಲಿ 35 ಅಥವಾ ಹೆಚ್ಚು ಅಂಕ ಗಳಿಸಿದ 214 ಆಟಗಳಲ್ಲಿ ನೆಬ್ರಾಸ್ಕಾ ಒಂದನ್ನೂ ಸೋತಿರಲಿಲ್ಲ. ಮರುದಿನ, ಸೆಪ್ಟೆಂಬರ್ 11ರಂದು, ಫ್ರಾಸ್ಟ್‌ರನ್ನು ತೆಗೆದರು.

ನೀವು ಕೇಳಿದ ಕೋಟಿಗಳ ವಿಷಯ ಇಲ್ಲಿ ಬರುತ್ತದೆ. ಒಪ್ಪಂದ ಮುಗಿಯುವ ಮೊದಲು ಕಳಿಸಿದರೆ ಉಳಿದ ಹಣ ಕೊಡಬೇಕು, ಅದಕ್ಕೆ ಬೈಔಟ್ ಅನ್ನುತ್ತಾರೆ. ಆ ದಿನಕ್ಕೆ ಅದು 1.5 ಕೋಟಿ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 120 ಕೋಟಿ ರೂಪಾಯಿ. ಅಕ್ಟೋಬರ್ 1ರವರೆಗೆ ಕಾದಿದ್ದರೆ ಅರ್ಧಕ್ಕೆ ಇಳಿಯುತ್ತಿತ್ತು. ಮೂರು ವಾರವೂ ಕಾಯಲಿಲ್ಲ. ಈ ದುಡ್ಡು ಎಲ್ಲಿಂದ ಅಂದರೆ ಟಿಕೆಟ್, ದಾನಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಟಿವಿ. ನೆಬ್ರಾಸ್ಕಾ ಇರುವ ಬಿಗ್ ಟೆನ್ ಅನ್ನುವ ಯೂನಿವರ್ಸಿಟಿ ತಂಡಗಳ ಗುಂಪು ಅದೇ ಆಗಸ್ಟ್‌ನಲ್ಲಿ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಹೆಚ್ಚಿನ ಟಿವಿ ಒಪ್ಪಂದ ಮಾಡಿಕೊಂಡಿತ್ತು. ಕೋಚ್ ತೆಗೆಯುವುದು ಸುಲಭವಾಗಿರುವುದು ಈ ಹಣದಿಂದಲೇ ಅಂತ ನನಗೆ ಅನ್ನಿಸುತ್ತದೆ.

ಆದರೆ ಇದರ ಬೆಲೆ ತೆರುವವರು ಹುಡುಗರು. ಹದಿನೆಂಟು ವಯಸ್ಸಿನ ಹುಡುಗ ಒಂದು ಕಾಲೇಜ್ ಆರಿಸಿಕೊಳ್ಳುವುದು ಜಾಸ್ತಿ ಕೋಚ್‌ನ ಮುಖ ನೋಡಿ. ಕೋಚ್ ಹೋದರೆ ಅವನ ಸಹಾಯಕರೂ ಹೋಗುತ್ತಾರೆ, ಆಟದ ಪದ್ಧತಿಯೂ ಹೋಗುತ್ತದೆ. ಓಡುವ ಆಟಕ್ಕೆ ಆರಿಸಿದವನು ಎಸೆಯುವ ಆಟದಲ್ಲಿ ಬೆಂಚಿನ ಮೇಲೆ ಕೂರುತ್ತಾನೆ. 2021ರಿಂದ ಒಂದು ವರ್ಷ ಕಾಯದೆ ಬೇರೆ ಕಾಲೇಜಿಗೆ ಹೋಗಿ ಆಡಬಹುದು ಅಂತ ನಿಯಮ ಬದಲಾಯಿತು. ಹಾಗಾಗಿ ಕೋಚ್ ಹೋದ ಕೂಡಲೇ ಹುಡುಗರೂ ಗಂಟು ಕಟ್ಟುತ್ತಾರೆ. ಹೊಸಬ ಮತ್ತೆ ಮೊದಲಿಂದ ಶುರು ಮಾಡಬೇಕು. 2003ರಿಂದ ಈಚೆಗೆ ನೆಬ್ರಾಸ್ಕಾ ಇದನ್ನು ಐದು ಸಲ ಮಾಡಿದೆ.

ಉಳಿದ ಸೀಸನ್‌ಗೆ ಸಹಾಯಕ ಮಿಕ್ಕಿ ಜೋಸೆಫ್ ಹಂಗಾಮಿ ಕೋಚ್ ಆದರು. ಈ ಯೂನಿವರ್ಸಿಟಿಯ ಯಾವುದೇ ಆಟದಲ್ಲಿ ಮುಖ್ಯ ಕೋಚ್ ಆದ ಮೊದಲ ಕಪ್ಪು ವರ್ಣೀಯ ಅವರು. ಕೊನೆಯ ಆಟದಲ್ಲಿ ಅಯೋವಾವನ್ನು 24-17ಕ್ಕೆ ಸೋಲಿಸಿದರು, 2014ರ ನಂತರ ಮೊದಲ ಸಲ. ಆಮೇಲೆ ಬಂದವರು ಮ್ಯಾಟ್ ರೂಲ್, ಎಂಟು ವರ್ಷದ ಒಪ್ಪಂದದ ಮೇಲೆ. ರೂಲ್ ಹಿಂದೆ ಬೇಲರ್ ಯೂನಿವರ್ಸಿಟಿಯಲ್ಲಿ ಮೊದಲ ವರ್ಷ 1-11 ಸೋತು, ಮೂರನೇ ವರ್ಷ 11 ಗೆದ್ದವರು. ಇಲ್ಲಿ 2023ರಲ್ಲಿ 5-7. ಮೂರು ಆಟ 13-10ಕ್ಕೇ ಸೋತರು, ಮೂರೂ ಕೊನೆಯ ಗಳಿಗೆಯ ಒದೆತದಲ್ಲಿ. ಹಳೆ ರೋಗ ಬಿಟ್ಟಿರಲಿಲ್ಲ. ಈ ಸಲ ಮಾತ್ರ ಕೋಚ್‌ನನ್ನು ತೆಗೆಯಲಿಲ್ಲ. 2024ರಲ್ಲಿ ವಿಸ್ಕಾನ್ಸಿನ್ ವಿರುದ್ಧ 44-25 ಗೆದ್ದಾಗ ಆರನೇ ಗೆಲುವು ಬಂತು. ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಬಾಸ್ಟನ್ ಕಾಲೇಜನ್ನು 20-15ಕ್ಕೆ ಸೋಲಿಸಿ 7-6ಕ್ಕೆ ಮುಗಿಸಿದರು. 2016ರ ನಂತರದ ಮೊದಲ ಬೌಲ್ ಆಟ. ಹಳೆ ಲೆಕ್ಕದಲ್ಲಿ ಏಳು ಗೆಲುವು ಏನೂ ಅಲ್ಲ. ವಿಸ್ಕಾನ್ಸಿನ್ ಆಟದ ದಿನ ನಾನು ಸ್ಟೇಡಿಯಂನಲ್ಲಿದ್ದೆ, ಗಂಟಲು ಹೋಗುವಷ್ಟು ಕೂಗಿದೆ.

ನಿಮ್ಮ ತಮ್ಮನಿಗೆ ಒಂದು ಕೆಂಪು ಟೀ ಶರ್ಟ್ ಕೊಂಡುಕೊಳ್ಳಲು ಹೇಳಿ. ವಿದ್ಯಾರ್ಥಿಗಳಿಗೆ ಬೇರೆ ದರದ ಟಿಕೆಟ್ ಇರುತ್ತದೆ, ಬೇಗ ಖಾಲಿಯಾಗುತ್ತದೆ. ಮತ್ತೆ, ಸೋತರೂ ಆಟ ಮುಗಿದ ಕೂಡಲೇ ಎದ್ದು ಬರುವುದು ಬೇಡ. ಎದುರಾಳಿ ಹುಡುಗರು ಮೈದಾನ ಬಿಟ್ಟು ಒಳಗೆ ಹೋಗುವಾಗ ಅಲ್ಲಿಯ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. 2015ರ ಆ ಸಂಜೆ ಹಾಗೆ ಸೋತ ಮೇಲೂ ನನ್ನ ಸುತ್ತ ಇದ್ದವರು ತಟ್ಟಿದರು.