ಕಾಲಪ್ರಯಾಣದ ಪ್ರೇಮಕಥೆಗಳಲ್ಲಿ ಅಂಥ ಸೆಳೆತ ಏನಿದೆ?

ಪ್ರೇಮಿಗಳ ನಡುವೆ ಎಂಥ ಅಡ್ಡಿ ಇದೆ ಎಂಬುದರ ಮೇಲೆಯೇ ಪ್ರೇಮಕಥೆ ನಿಲ್ಲುತ್ತದೆ. ಜಾತಿ, ಅಂತಸ್ತು, ಮನೆಯವರ ಹಠ ಇವನ್ನು ಎದುರಿಸಿ ಗೆಲ್ಲಬಹುದು. ನೂರು ವರ್ಷಗಳ ಅಂತರದೊಡನೆ ಜಗಳವಾಡಲಾಗದು.

ಅದಕ್ಕಿಂತ ದೊಡ್ಡ ಸೆಳೆತ, ಮುಂದಾಗುವುದು ಒಬ್ಬರಿಗೆ ಮಾತ್ರ ಗೊತ್ತಿರುವುದು. ನಮ್ಮ ಮಂಡ್ಯದ ಕಡೆಯದನ್ನೇ ನೋಡಿ. ಇಂದಿನ ಹುಡುಗಿಯೊಬ್ಬಳು 1910ರ ಕನ್ನಂಬಾಡಿಗೆ ಹೋಗಿ ಅಲ್ಲಿನ ರೈತನನ್ನು ಪ್ರೀತಿಸುತ್ತಾಳೆ ಎಂದುಕೊಳ್ಳಿ. ಮರುವರ್ಷ ಕಾವೇರಿಗೆ ಅಣೆಕಟ್ಟೆ ಕಟ್ಟುವ ಕೆಲಸ ಶುರುವಾಗುತ್ತದೆ. ಮುಂದೆ ಆ ಊರೇ ಹಿನ್ನೀರಿನಡಿ ಸೇರುತ್ತದೆ. ವೇಣುಗೋಪಾಲಸ್ವಾಮಿಯ ಗುಡಿಯೆದುರು ಅವನು ಮದುವೆಯ ಮಾತೆತ್ತುತ್ತಾನೆ. ಅವಳು ಹೇಳಬೇಕೇ, ಬೇಡವೇ? ಹೇಳಿದರೆ ಅವನು ನಂಬುತ್ತಾನೆಯೇ? ಅದೇ ನೀರು ಮುಂದೆ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಅವಳ ಸ್ವಂತ ಅಜ್ಜನ ಗದ್ದೆಯನ್ನು ಹಸಿರಾಗಿಸಿದ್ದು! ಇಂಥ ಇಕ್ಕಟ್ಟನ್ನು ಬೇರೆ ಯಾವ ಬಗೆಯ ಕಥೆಯೂ ಇಷ್ಟು ಸಹಜವಾಗಿ ಕೊಡದು ಎಂದು ನಾನು ದೃಢವಾಗಿ ನಂಬುತ್ತೇನೆ.

ಬರೆಯುವವರಿಗೆ ಹುಡುಕಾಟದ ಸುಖವೂ ಇದೆ. 1896ರ ಮೈಸೂರಿಗೆ ಹೋದ ನಾಯಕ ಇಂದಿನ ಅರಮನೆಯನ್ನಲ್ಲ, ಮರುವರ್ಷ ಬೆಂಕಿಗೆ ಆಹುತಿಯಾಗಲಿರುವ ಮರದ ಅರಮನೆಯನ್ನು ನೋಡಬೇಕು. ಹಿಂದಕ್ಕೆ ಹೋಗುವ ದಾರಿಯ ನಿಯಮವನ್ನು ಮಾತ್ರ ಆರಂಭದಲ್ಲೇ ತಿಳಿಸಿಬಿಡಿ. ಕೊನೆಯಲ್ಲಿ ಅದನ್ನು ಬದಲಿಸಿದರೆ ಓದುಗರು ಕ್ಷಮಿಸುವುದಿಲ್ಲ.